ಕೈಯಲ್ಲಿ ಐದು ಸಾವಿರ: ದುರ್ಗವೋ, ಹಂಪಿಯೋ, ಜೋಗವೋ?

ದಾವಣಗೆರೆಯಿಂದ ಪ್ರವಾಸ ಹೊರಡುವವರಿಗೆ ಜಾಗಗಳ ಬರವಿಲ್ಲ. ಬೆಂಗಳೂರು ದಿಕ್ಕಿಗೆ ಅರವತ್ತು ಕಿಲೋಮೀಟರ್ ಹೋದರೆ ಚಿತ್ರದುರ್ಗದ ಕೋಟೆ. ಹರಪನಹಳ್ಳಿ ದಾರಿ ಹಿಡಿದರೆ ನೂರಮೂವತ್ತರ ಆಸುಪಾಸಿನಲ್ಲಿ ಹೊಸಪೇಟೆ, ಅಲ್ಲಿಂದ ಹಂಪಿ. ಪಶ್ಚಿಮಕ್ಕೆ ಶಿವಮೊಗ್ಗ, ಸಾಗರ ದಾಟಿದರೆ ಜೋಗ. ರಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಈ ಮೂರರದ್ದೇ ಮಾತು. ಮಕ್ಕಳಿಗೆ ಜೋಗ ಬೇಕು, ಅಪ್ಪನಿಗೆ ಹಂಪಿ. ಅಜ್ಜಿದು ಒಂದೇ ಮಾತು: "ಎಲ್ಲಿಗಾದ್ರೂ ಹೋಗ್ರಪ್ಪಾ, ರಾತ್ರಿ ಮನೆಗೆ ಬಂದು ಮಲಗೋ ಹಂಗಿರ್ಲಿ."

ಈ ಮೂರನ್ನೂ ಐದು ಸಾವಿರ ರೂಪಾಯಿಯ ಮಿತಿಯಲ್ಲಿ ತೂಗಿ ನೋಡೋಣ. ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ: ಗಂಡ, ಹೆಂಡತಿ, ಗಂಡನ ತಾಯಿ, 14 ವರ್ಷದ ಮಗಳು, 10 ವರ್ಷದ ಮಗ. ಬಸ್ ಚಾರ್ಜು, ರೂಮ್ ಬಾಡಿಗೆ ಅಂತ ನಾನು ಹೇಳುವುದೆಲ್ಲ ಅಂದಾಜು. ನೂರಿನ್ನೂರು ಆಚೀಚೆ ಆದೀತು. ಆದರೆ ಯಾವ ಊರಿಗೆ ಹೋದರೆ ದುಡ್ಡು ಎಲ್ಲಿ ಸೋರುತ್ತದೆ ಅನ್ನುವುದು ಬದಲಾಗುವುದಿಲ್ಲ. ಊರು ಎಷ್ಟು ದೂರ ಎಂದು ನೋಡಿ ಖರ್ಚು ಅಳೆಯುವವರೇ ಹೆಚ್ಚು. ನಾನು ನೋಡುವುದು ಎರಡೇ: ಆ ದಾರಿಯಲ್ಲಿ ಯಾವ ಬಸ್ಸು ಓಡುತ್ತದೆ, ಮತ್ತು ಬಸ್ಸು ಇಳಿದ ಮೇಲೆ ನಡೆದು ತಲುಪಬಹುದೋ, ಆಟೊ ಬೇಕೋ.

ಐದು ಜನ, ಒಂದೂವರೆ ಟಿಕೆಟ್

2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ನಾಲ್ಕೂ ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಪುಕ್ಕಟೆ. ರಾಜಹಂಸ, ಐರಾವತ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ನಮ್ಮ ಲೆಕ್ಕದ ಮನೆಯಲ್ಲಿ ಹೆಂಡತಿ, ಅತ್ತೆ, ಮಗಳು ಮೂವರಿಗೂ ಶೂನ್ಯ ಟಿಕೆಟ್. ಹುಡುಗ ಹನ್ನೆರಡು ದಾಟಿಲ್ಲ, ಅವನಿಗೆ ಅರ್ಧ. ಪೂರ್ತಿ ದುಡ್ಡು ಕೊಡುವವನು ಗಂಡ ಒಬ್ಬನೇ. ಐದು ಜನ ಹತ್ತಿದರೂ ಕಂಡಕ್ಟರ್ ಕೈಗೆ ಕೊಡುವುದು ಒಂದೂವರೆ ಟಿಕೆಟ್‌ನ ದುಡ್ಡು.

ದಾವಣಗೆರೆಯವರು ಮರೆಯಬಾರದ ವಿಷಯ ಒಂದುಂಟು. ನಮ್ಮದು ಮೊದಲಿಂದಲೂ ಪ್ರೈವೇಟ್ ಬಸ್ಸಿನ ಸೀಮೆ. ಪ್ರೈವೇಟ್ ಬಸ್ಸು ಹತ್ತಿದ ಕೂಡಲೇ ಆ ಒಂದೂವರೆ ಟಿಕೆಟ್ ನಾಲ್ಕೂವರೆ ಆಗುತ್ತದೆ. ಅಂದರೆ ಮೂರು ಪಟ್ಟು. "ಬರ್ರಿ ಬರ್ರಿ, ಸೀಟದಾವೆ, ಈಗ ಹೊಂಟೈತಿ" ಎಂದು ಬ್ಯಾಗ್ ಹಿಡಿದೆಳೆಯುವ ಏಜೆಂಟರ ಮಾತಿಗೆ ಮನಸ್ಸು ಕರಗಿದರೆ ಬಜೆಟ್ಟಿಗೆ ಮೊದಲ ತೂತು ಬೀಳುವುದು ಅಲ್ಲೇ.

ಪುಕ್ಕಟೆಗೂ ಒಂದು ಬೆಲೆ ಇದೆ, ಅದು ಸೀಟು. ಶನಿವಾರ ಬೆಳಗ್ಗೆ ಹುಬ್ಬಳ್ಳಿ ಕಡೆಯಿಂದ ತುಂಬಿ ಬರುವ ಬಸ್ಸಿಗೆ ಕಾಯುವುದಕ್ಕಿಂತ ದಾವಣಗೆರೆ ನಿಲ್ದಾಣದಲ್ಲೇ ಹೊರಡುವ ಬಸ್ಸು ಹಿಡಿಯುವುದು ಮೇಲು. ವಯಸ್ಸಾದವರನ್ನು ಮೂರೂವರೆ ತಾಸು ನಿಲ್ಲಿಸಿಕೊಂಡು ಹೋಗಿ ಉಳಿಸುವ ದುಡ್ಡು ಯಾರಿಗೂ ಬೇಡ. ಹೆಂಗಸರೆಲ್ಲ ಆಧಾರ್ ಕಾರ್ಡು ಕೈಗೆ ಸಿಗುವ ಹಾಗೆ ಇಟ್ಟುಕೊಂಡರೆ ಕಂಡಕ್ಟರನ ಮುಂದೆ ಬ್ಯಾಗ್ ತಡಕಾಡುವುದು ತಪ್ಪುತ್ತದೆ.

ದುರ್ಗ: ಬೆಳಗ್ಗೆ ಹೋಗಿ ರಾತ್ರಿ ಮನೆಗೆ

ಅಜ್ಜಿಯ ಷರತ್ತಿಗೆ ಒಪ್ಪುವುದು ಇದೊಂದೇ. ಹೆದ್ದಾರಿಯಲ್ಲಿ ಸರ್ಕಾರಿ ಬಸ್ಸುಗಳಿಗೆ ಕೊರತೆಯಿಲ್ಲ. ಟಿಕೆಟ್ಟಿಗೆ ನೂರು ಹಿಡಿದರೂ ಐವರೂ ಹೋಗಿ ಬರಲು ಮುನ್ನೂರು. ಹತ್ತುವ ಮುಂಚೆ "ದುರ್ಗದ ಊರೊಳಗೆ ಹೋಗುತ್ತಾ?" ಎಂದು ಕೇಳಿ. ಬೆಂಗಳೂರಿಗೆ ಓಡುವ ಕೆಲವು ಬಸ್ಸುಗಳು ಬೈಪಾಸಿನಲ್ಲೇ ಇಳಿಸಿ ಹೋಗಿಬಿಡುತ್ತವೆ. ಅಲ್ಲಿಂದ ಊರೊಳಗೆ ಬರಲು ಆಟೊದವರು ಕೇಳಿದ್ದೇ ರೇಟು.

ಬಸ್ ಸ್ಟ್ಯಾಂಡಿನಿಂದ ಕೋಟೆ ಬಾಗಿಲಿಗೆ ಊರೊಳಗಿನ ದಾರಿ. ನಡೆದೇ ಹೋಗಬಹುದು, ಅಜ್ಜಿ ಜೊತೆಗಿದ್ದರೆ ಒಂದು ಆಟೊ. ಕೋಟೆ ಪುರಾತತ್ವ ಇಲಾಖೆಯದು, ದೊಡ್ಡವರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಲ್ಲಿಗೆ ಮೂವರಿಗೆ 75. ಆನ್‌ಲೈನಿನಲ್ಲಿ ತೆಗೆದರೆ ತಲೆಗೆ ಐದು ರೂಪಾಯಿ ಕಮ್ಮಿ.

ಈ ದುಡ್ಡಿಗೆ ಸಿಗುವುದು ಸಣ್ಣದೇನಲ್ಲ. ಏಳು ಸುತ್ತಿನ ಕೋಟೆಯ ಬಾಗಿಲುಗಳು ಒಂದರ ಎದುರಿಗೆ ಒಂದು ಇರುವುದಿಲ್ಲ. ಪ್ರತಿ ಬಾಗಿಲು ದಾಟಿದ ಮೇಲೂ ದಾರಿ ಗಕ್ಕನೆ ತಿರುಗುತ್ತದೆ. ಆನೆಯೋ ಮರದ ದಿಮ್ಮಿಯೋ ವೇಗ ಹಿಡಿದು ಬಂದು ಕದಕ್ಕೆ ಗುದ್ದಲು ಜಾಗವೇ ಸಿಗಬಾರದು, ಅದಕ್ಕೇ ಆ ತಿರುವು. ಮಗನನ್ನು ಆ ತಿರುವಿನಲ್ಲಿ ನಿಲ್ಲಿಸಿ "ಇಲ್ಲಿಂದ ಓಡಿ ಬಂದು ಬಾಗಿಲು ಮುಟ್ಟು ನೋಡೋಣ" ಅನ್ನಿ, ತಾನೇ ತಿಳಿದುಕೊಳ್ಳುತ್ತಾನೆ. ಒಳಗೆ ಸಿಡಿಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳು, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಒನಕೆ ಓಬವ್ವನ ಕಿಂಡಿ. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಎಂಬ ನೀರಿನ ಸೆಲೆ. ಕೊನೆಯ ಮದಕರಿ ನಾಯಕನಿಂದ ಹೈದರಾಲಿ ಈ ಕೋಟೆ ಕಸಿದುಕೊಂಡದ್ದು 1779ರಲ್ಲಿ.

ಎಲ್ಲರೂ ಓಬವ್ವನ ಕಿಂಡಿ ನೋಡಿ ಫೋಟೊ ತೆಗೆದು ಇಳಿದುಬಿಡುತ್ತಾರೆ. ನನ್ನ ಕೇಳಿದರೆ ನೀರಿನ ವ್ಯವಸ್ಥೆ ನೋಡದೆ ಬರಬಾರದು. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬರಿಯ ಬಂಡೆಯ ಮೇಲೆ ಬಿದ್ದ ಮಳೆಯನ್ನು ಒಂದು ಹನಿ ಪೋಲು ಮಾಡದೆ ಊರಿಗೆ ಇಳಿಸಿದ್ದಾರೆ. ಇದನ್ನು ನೋಡಲು ಬೇರೆ ಟಿಕೆಟ್ ಬೇಕಿಲ್ಲ, ಕಾಲು ಗಟ್ಟಿ ಇದ್ದರೆ ಸಾಕು.

ಅಜ್ಜಿಗೆ ಪೂರ್ತಿ ಹತ್ತಲು ಆಗದು. ಏಕನಾಥೇಶ್ವರಿಯ ತನಕ ನಿಧಾನ ಕರೆದುಕೊಂಡು ಹೋಗಿ ಅಲ್ಲಿ ನೆರಳಲ್ಲಿ ಕೂರಿಸಿ. ತುಪ್ಪದ ಕೊಳದ ಬತೇರಿ ಎಂಬ ಕಾವಲು ಬುರುಜಿಗೆ ಬಂಡೆಯಲ್ಲೇ ಕೊರೆದ ಕಾಲುಗುಳಿಗಳನ್ನು ಹಿಡಿದು ಹತ್ತಬೇಕು. ಮಳೆ ಬಿದ್ದ ದಿನ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಬಾಳೆಹಣ್ಣು ಕೈಯಲ್ಲಿ ಹಿಡಿದು ನಡೆದರೆ ಅದು ಕೋತಿಗಳ ಪಾಲು.

ಮಧ್ಯಾಹ್ನದ ಮೇಲೆ ಹೊತ್ತು ಉಳಿದರೆ ಚಂದ್ರವಳ್ಳಿ. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಕೆರೆ, ಕದಂಬ ಮಯೂರಶರ್ಮನ ಶಾಸನ, ಅಂಕಲಿ ಮಠದ ಗುಹೆಗಳು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ಮಾಡಿಸಿದ್ದರು. ಗುಹೆಯೊಳಗೆ ಗವ್ವೆನ್ನುವ ಕತ್ತಲು, ಒಳ್ಳೆಯ ಟಾರ್ಚ್ ಬೇಕು. ಇಲ್ಲಿಗೆ ಆಟೊ ಮಾಡಲೇಬೇಕಾದ್ದರಿಂದ ಹೋಗಿ ಬರುವುದು, ಕಾಯುವುದು ಸೇರಿ ರೇಟು ಮೊದಲೇ ಮಾತಾಡಿಕೊಳ್ಳಿ.

ಊಟಕ್ಕೆ ಐನೂರು, ಆಟೊಗೆ ಮುನ್ನೂರು ಸೇರಿಸಿದರೂ ದುರ್ಗದ ದಿನ ಸಾವಿರದ ಇನ್ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಕೆಲವರು ಇದಕ್ಕೆ ಹಿರಿಯೂರಿನ ಬಳಿಯ ವಾಣಿ ವಿಲಾಸ ಸಾಗರವನ್ನೂ ಗಂಟು ಹಾಕುತ್ತಾರೆ. 1907ರಲ್ಲಿ ಕಟ್ಟಿ ಮುಗಿಸಿದ, 1933ರ ನಂತರ ಮತ್ತೆ ಕೋಡಿ ಬೀಳಲು 2022ರ ತನಕ ಕಾಯಿಸಿದ ಅಣೆಕಟ್ಟು. ನೋಡಲೇಬೇಕಾದ ಜಾಗ ನಿಜ. ಆದರೆ ಸ್ವಂತ ಗಾಡಿ ಇಲ್ಲದವರು ಒಂದೇ ದಿನದಲ್ಲಿ ಎರಡನ್ನೂ ಹಿಡಿಯಲು ಹೋದರೆ ಕೋಟೆಯೂ ಅರ್ಧ, ಅಣೆಕಟ್ಟೂ ಅರ್ಧ.

ಹಂಪಿ: ಒಂದು ರಾತ್ರಿ ಉಳಿಯುವುದಾದರೆ ಮಾತ್ರ

ಬೆಳಗ್ಗೆ ಹೋಗಿ ರಾತ್ರಿ ಬರುವವರೂ ಇದ್ದಾರೆ. ಏಳು ತಾಸು ಬಸ್ಸಿನಲ್ಲಿ ಕಳೆದು, ಉಳಿದ ಹೊತ್ತಿನಲ್ಲಿ ಕಲ್ಲಿನ ರಥದ ಮುಂದೆ ಫೋಟೊ ತೆಗೆದು ಬಂದರೆ ಅದನ್ನು ಹಂಪಿ ನೋಡಿದ್ದು ಅನ್ನಲಾಗದು. ಒಂದು ರಾತ್ರಿ ಇರಲೇಬೇಕು, ಆಗ ಖರ್ಚಿನ ದೊಡ್ಡ ಗಂಟು ಬಸ್ಸಲ್ಲ, ರೂಮು.

ರೂಮನ್ನು ಹೊಸಪೇಟೆಯಲ್ಲಿ ಮಾಡಿ. ಹಂಪಿಗೂ ಹೊಸಪೇಟೆಗೂ ನಡುವೆ ಹದಿಮೂರು ಕಿಲೋಮೀಟರ್, ಊರ ಬಸ್ಸುಗಳು ದಿನವಿಡೀ ಓಡುತ್ತವೆ, ಅವು ಕಲ್ಯಾಣ ಕರ್ನಾಟಕ ನಿಗಮದವು, ಹೆಂಗಸರಿಗೆ ಪುಕ್ಕಟೆ. ರಾತ್ರಿ ಊಟಕ್ಕೂ ಹೊಸಪೇಟೆಯಲ್ಲಿ ನಮ್ಮ ಕಿಸೆಗೆ ಹೊಂದುವ ಖಾನಾವಳಿಗಳಿವೆ. ಲಾಡ್ಜಿನವರನ್ನು ಎರಡು ಮಾತು ಮೊದಲೇ ಕೇಳಿ: ಲೆಕ್ಕ 24 ಗಂಟೆಯದೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕೋ? ಐದು ಜನಕ್ಕೆ ಒಂದು ರೂಮು ಕೊಡುತ್ತೀರಾ, ಹೆಚ್ಚುವರಿ ಹಾಸಿಗೆಗೆ ಎಷ್ಟು? ಬಾಗಿಲ ಬಳಿ ಬ್ಯಾಗ್ ಇಳಿಸಿದ ಮೇಲೆ ಕೇಳಿದರೆ ಉತ್ತರದ ರೇಟೇ ಬೇರೆ.

ದಿನಗಳನ್ನು ಹಂಚುವುದರಲ್ಲೂ ದುಡ್ಡು ಉಳಿಯುತ್ತದೆ. ವಿಠಲ ದೇವಸ್ಥಾನದಲ್ಲಿ ದೊಡ್ಡವರಿಗೆ 40 ರೂಪಾಯಿ ಟಿಕೆಟ್ಟು, ಅದೇ ಟಿಕೆಟ್ ಅದೇ ದಿನ ಕಮಲ ಮಹಲ್, ಆನೆಲಾಯದ ಆವರಣಕ್ಕೂ ನಡೆಯುತ್ತದೆ. ಹಾಗಾಗಿ ಇವನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ದಿನ ಮಧ್ಯಾಹ್ನದಿಂದ ಸಂಜೆಯ ತನಕ ವಿರೂಪಾಕ್ಷ, ಹೇಮಕೂಟ, ಸಾಸಿವೆಕಾಳು ಮತ್ತು ಕಡಲೆಕಾಳು ಗಣಪ, ಉಗ್ರನರಸಿಂಹ, ಬಡವಿಲಿಂಗ. ಇವೆಲ್ಲ ನಡೆಯುವ ದೂರದಲ್ಲೇ ಇವೆ, ಗೈಡ್ ಇಲ್ಲದೆಯೂ ಸಿಗುತ್ತವೆ. ಹೇಮಕೂಟದ ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡಿ ಕೊನೆಯ ಬಸ್ಸಿಗೆ ಮುಂಚೆ ಹೊಸಪೇಟೆಗೆ.

ಎರಡನೆಯ ದಿನ ಬೆಳಗ್ಗೆ ಬಿಸಿಲೇರುವ ಮುಂಚೆ ಹಂಪಿ ಬಜಾರಿನ ತುದಿಯಿಂದ ಹೊಳೆಯ ದಂಡೆ ಹಿಡಿದು ವಿಠಲಕ್ಕೆ ನಡೆಯಿರಿ. ಎರಡು ಕಿಲೋಮೀಟರಿನ ಆಸುಪಾಸು, ಅಚ್ಯುತರಾಯ ದೇವಸ್ಥಾನ, ರಾಜರ ತುಲಾಭಾರ ಕಂಬ ದಾರಿಯಲ್ಲೇ ಸಿಗುತ್ತವೆ. ಕಾರಿನಲ್ಲಿ ಬಂದವರು ಕಮಲಾಪುರದ ಕಡೆಯಿಂದ ಸುತ್ತಿ ಬಂದು, ಗಾಡಿ ನಿಲ್ಲಿಸಿ, ಬ್ಯಾಟರಿ ಗಾಡಿಗೆ ಸಾಲು ನಿಲ್ಲುವ ಹೊತ್ತಿಗೆ ಬಸ್ಸಿನಲ್ಲಿ ಬಂದವರು ನಡೆದು ಒಳಗಿರುತ್ತಾರೆ. ಅಲ್ಲಿಂದ ಕಮಲ ಮಹಲ್ ಇರುವ ರಾಣಿವಾಸದ ಆವರಣ, ಮಹಾನವಮಿ ದಿಬ್ಬ, ಹಜಾರರಾಮದ ಕಡೆಗೆ ಮಾತ್ರ ಆಟೊ ಮಾಡಿ. ಆ ದೂರವನ್ನು ಬಿಸಿಲಿನಲ್ಲಿ ಅಜ್ಜಿ ನಡೆಯಲಾರರು, ನೀವೂ ನಡೆಯಬೇಡಿ. ಅದು ಮುಗಿದ ಮೇಲೆ ಮತ್ತೆ ಹಂಪಿಗೆ ಹೋಗುವ ಅಗತ್ಯವಿಲ್ಲ, ಕಮಲಾಪುರದಿಂದಲೇ ಹೊಸಪೇಟೆಗೆ ಬಸ್ಸುಂಟು. ಕಮಲಾಪುರದ ಮ್ಯೂಸಿಯಂ ನೋಡುವ ಆಸೆಯಿದ್ದರೆ ಶುಕ್ರವಾರ ಬೇಡ, ಅಂದು ರಜೆ.

ಲೆಕ್ಕ: ದಾವಣಗೆರೆ–ಹೊಸಪೇಟೆ ಟಿಕೆಟ್ ಇನ್ನೂರು ಹಿಡಿದರೆ ಒಂದೂವರೆ ಟಿಕೆಟ್ಟಿನಂತೆ ಹೋಗಿ ಬರಲು ಆರುನೂರು. ರೂಮಿಗೆ ಸಾವಿರದ ಐನೂರು. ಊರ ಬಸ್ಸು, ಟಿಕೆಟ್ಟು, ಆಟೊ ಸೇರಿ ಆರುನೂರು. ಎರಡು ದಿನದ ಊಟ, ತಿಂಡಿಗೆ ಸಾವಿರದ ಐನೂರು. ನಾಲ್ಕು ಸಾವಿರದ ಇನ್ನೂರು ಆಯಿತು, ಐದರೊಳಗೆ ಆರಾಮಾಗಿ ಕೂರುತ್ತದೆ. ಡಿಸೆಂಬರ್ ಕೊನೆಯ ವಾರ, ಹಂಪಿ ಉತ್ಸವದ ದಿನಗಳು ಬಿಟ್ಟರೆ ಮಾತ್ರ ಈ ಲೆಕ್ಕ. ಏಪ್ರಿಲ್–ಮೇ ತಿಂಗಳಲ್ಲಿ ರೂಮು ಸುಲಭವಾಗಿ ಸಿಕ್ಕೀತು, ಆದರೆ ಆ ಬಂಡೆಗಳ ಕಾವಿನಲ್ಲಿ ಮಕ್ಕಳನ್ನು ಓಡಾಡಿಸುವುದು ಶಿಕ್ಷೆ. ಐದು ಸಾವಿರ ಖರ್ಚು ಮಾಡಲು ಸಿದ್ಧವಿದ್ದು ಒಂದು ರಾತ್ರಿ ಮನೆ ಬಿಡಬಹುದಾದರೆ ನನ್ನ ಮತ ಹಂಪಿಗೇ.

ಜೋಗ: ಬಸ್ಸಿನ ಬಣ್ಣ ನೋಡಿ

ಮೂರರಲ್ಲಿ ಬಜೆಟ್ ಒಡೆಯುವ ಜಾಗ ಇದು. ದಾವಣಗೆರೆಯಿಂದ ಶಿವಮೊಗ್ಗ, ಅಲ್ಲಿಂದ ಸಾಗರ, ಅಲ್ಲಿಂದ ಜೋಗ. ಎಲ್ಲ ಸೇರಿ ಸುಮಾರು ನೂರತೊಂಬತ್ತು ಕಿಲೋಮೀಟರ್, ಬಸ್ ಬದಲಿಸುವ ಹೊತ್ತೂ ಸೇರಿದರೆ ಐದು ತಾಸಿಗೆ ಕಮ್ಮಿಯಿಲ್ಲ. ಮಲೆನಾಡಿನ ಕಡೆ ಪ್ರೈವೇಟ್ ಬಸ್ಸುಗಳದ್ದೇ ಕಾರುಬಾರು. ಒಬ್ಬರಿಗೆ ಹೋಗಿ ಬರಲು ಐನೂರೈವತ್ತು ಎಂದು ಹಿಡಿದರೆ, ಎಲ್ಲ ಹಂತದಲ್ಲೂ ಸರ್ಕಾರಿ ಬಸ್ಸು ಸಿಕ್ಕವರಿಗೆ ಎಂಟುನೂರ ಇಪ್ಪತ್ತೈದು, ಎಲ್ಲ ಹಂತದಲ್ಲೂ ಪ್ರೈವೇಟ್ ಹತ್ತಿದವರಿಗೆ ಎರಡು ಸಾವಿರದ ನಾನ್ನೂರ ಎಪ್ಪತ್ತೈದು. ಸಾಗರದ ರೂಮು, ಎರಡು ದಿನದ ಊಟ ಸೇರಿದರೆ ಮೊದಲನೆಯವರದು ನಾಲ್ಕು ಸಾವಿರದಲ್ಲಿ ಮುಗಿಯುತ್ತದೆ, ಎರಡನೆಯವರದು ಐದೂವರೆಗೆ ಹೋಗಿ ನಿಲ್ಲುತ್ತದೆ. ನೋಡಿದ್ದು ಅದೇ ಜೋಗ.

ಜೊತೆಗೆ ಕಾಲವೂ ಕೂಡಿಬರಬೇಕು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಧುಮುಕುವುದನ್ನು ನೋಡಬೇಕೆಂದರೆ ಜುಲೈನಿಂದ ಸೆಪ್ಟೆಂಬರ್, ಹೆಚ್ಚೆಂದರೆ ಅಕ್ಟೋಬರ್. ಮೇಲೆ ಲಿಂಗನಮಕ್ಕಿ ಅಣೆಕಟ್ಟಿದೆ. ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಕರಿಬಂಡೆ, ಅದರ ಮೇಲೆ ಒಂದೆರಡು ಬಿಳಿ ಎಳೆ. ಜೋರು ಮಳೆಯ ದಿನ ಹೋದರೆ ಇನ್ನೊಂದು ಪೇಚಾಟ: ಮಂಜು ಮುಚ್ಚಿ ಸದ್ದಷ್ಟೇ ಕೇಳುತ್ತದೆ. ಬೆಳಗ್ಗೆ ಬೇಗ ತಲುಪಿ ಮಂಜು ಸರಿಯುವ ತನಕ ಕಾಯುವಷ್ಟು ಹೊತ್ತು ಕೈಯಲ್ಲಿರಬೇಕು, ಅದಕ್ಕೇ ಸಾಗರದಲ್ಲಿ ರಾತ್ರಿ ಉಳಿಯಬೇಕಾಗುವುದು.

ಮಳೆಗಾಲದ ವಾರಾಂತ್ಯಗಳಲ್ಲಿ ದಾವಣಗೆರೆಯಿಂದ ಜೋಗಕ್ಕೆ ಸಾರಿಗೆ ಸಂಸ್ಥೆ ಪ್ಯಾಕೇಜ್ ಬಸ್ ಬಿಟ್ಟಿದ್ದುಂಟು. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೇಳಿ ನೋಡಿ. ಗಂಡಸರೇ ಹೆಚ್ಚಿರುವ ಗುಂಪಿಗೆ, ರೂಮಿನ ಖರ್ಚು ಬೇಡ ಅನ್ನುವವರಿಗೆ ಅದು ಲಾಭ. ನಮ್ಮ ಲೆಕ್ಕದ ಮನೆಗೆ ಅಲ್ಲ, ಏಕೆಂದರೆ ಪ್ಯಾಕೇಜಿನಲ್ಲಿ ಶೂನ್ಯ ಟಿಕೆಟ್ ಇಲ್ಲ.

ಸಾಗರದ ತನಕ ಹೋದವರು ಸಿಗಂದೂರನ್ನೂ ಸೇರಿಸಿಕೊಳ್ಳುವುದು ವಾಡಿಕೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ಶುರುವಾದ ಮೇಲೆ ಲಾಂಚಿಗೆ ಕಾಯುವ ತಾಪತ್ರಯ ತಪ್ಪಿದೆ. ಹರಕೆ ಇದ್ದರೆ ಹೋಗಿ, ಇಲ್ಲದಿದ್ದರೆ ಜೋಗಕ್ಕೇ ಆ ಹೊತ್ತು ಕೊಡಿ.

ಕಾರು, ಬೈಕು, ರೈಲು

"ಮನೇಲಿ ಕಾರಿದೆಯಲ್ಲ, ಬಸ್ಸು ಯಾಕೆ?" ಎಂಬ ಮಾತು ಬಂದೇ ಬರುತ್ತದೆ. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರು, ಪೆಟ್ರೋಲ್ ನೂರು ದಾಟಿದೆ. ದುರ್ಗಕ್ಕೆ ಹೋಗಿ ಬಂದರೆ ಒಂಬತ್ತು ಲೀಟರ್, ಟೋಲ್ ಬೇರೆ. ಬಸ್ಸಿನ ಮುನ್ನೂರಕ್ಕೆ ಎದುರು ಸಾವಿರ. ಹಂಪಿಗೆ ಇಪ್ಪತ್ತು ಲೀಟರ್, ಅಂದರೆ ಎರಡು ಸಾವಿರದ ಮೇಲೆ. ಜೋಗಕ್ಕೆ ಮಾತ್ರ ಲೆಕ್ಕ ತಿರುಗುತ್ತದೆ: ಇಪ್ಪತ್ತೈದು ಲೀಟರಿಗೆ ಎರಡೂವರೆ ಸಾವಿರದ ಆಸುಪಾಸು, ಐದು ಜನ ಪ್ರೈವೇಟ್ ಬಸ್ಸಿನಲ್ಲಿ ಹೋದರೂ ಅಷ್ಟೇ. ಕಾರು ತೆಗೆಯುವುದಾದರೆ ಜೋಗಕ್ಕೆ ತೆಗೆಯಿರಿ.

ಬಾಡಿಗೆ ಕಾರಿನವರು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ, ಸಾಮಾನ್ಯವಾಗಿ 250 ಅಥವಾ 300. ದುರ್ಗಕ್ಕೆ ನೂರಮೂವತ್ತು ಓಡಿಸಿದರೂ ದುಡ್ಡು ಮುನ್ನೂರು ಕಿಲೋಮೀಟರಿಗೆ. ಮೇಲೆ ಡ್ರೈವರ್ ಭತ್ಯೆ, ಟೋಲ್, ಪಾರ್ಕಿಂಗ್. ಎರಡು ಮೂರು ಮನೆಯವರು ಕೂಡಿ ಟಿಟಿ (ಟೆಂಪೊ ಟ್ರಾವೆಲರ್) ಮಾಡಿದರೆ ಮಾತ್ರ ತಲೆಗೆ ಬೀಳುವುದು ಇಳಿಯುತ್ತದೆ. ಆಗಲೂ ಹೊರಡುವ ಹೊತ್ತು ಯಾರ ಕೈಯಲ್ಲೂ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಬೈಕು ಅಗ್ಗ ಎಂದು ಗಂಡಹೆಂಡತಿ ಇಬ್ಬರೇ ಹೊರಟರೆ ಅಗ್ಗ ಆಗುವುದಿಲ್ಲ. ದುರ್ಗಕ್ಕೆ ಮೂರು ಲೀಟರ್ ಹೋಯಿತೆಂದರೆ ಮುನ್ನೂರು. ಬಸ್ಸಿನಲ್ಲಿ ಗಂಡನ ಟಿಕೆಟ್ ಎರಡೂ ಕಡೆ ಸೇರಿ ಇನ್ನೂರು, ಹೆಂಡತಿಗೆ ಪುಕ್ಕಟೆ. ಬೈಕು ಗೆಲ್ಲುವುದು ಇಬ್ಬರು ಗೆಳೆಯರು ಹೋದಾಗ. ಹೆದ್ದಾರಿಯಲ್ಲಿ ಬೈಕಿಗೆ ಟೋಲೂ ಇಲ್ಲ.

ರೈಲು ಈ ಮೂರು ಜಾಗಕ್ಕೂ ಸುತ್ತುಬಳಸು. ದುರ್ಗಕ್ಕೆ ಚಿಕ್ಕಜಾಜೂರಿನ ಮೇಲಿಂದ ಸುತ್ತಿ ಹೋಗಬೇಕು, ಜೋಗದ ಹತ್ತಿರದ ತಾಳಗುಪ್ಪದ ಗಾಡಿ ಹಿಡಿಯಲು ಬೀರೂರಿಗೆ ಇಳಿದು ಮತ್ತೆ ಶಿವಮೊಗ್ಗದ ಕಡೆ ಏರಬೇಕು. ತುಮಕೂರು–ದಾವಣಗೆರೆ ನೇರ ಮಾರ್ಗ ಮುಗಿದರೆ ದುರ್ಗದ ಲೆಕ್ಕ ಬದಲಾದೀತು.

ಐನೂರು ರೂಪಾಯಿಯೂ ಇಲ್ಲವೆಂದರೆ

ಹರಿಹರ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್. 1224ರಲ್ಲಿ ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿ, ಅರ್ಧ ಶಿವ ಅರ್ಧ ವಿಷ್ಣುವಿನ ಮೂರ್ತಿ, ಹತ್ತಿರದಲ್ಲೇ ತುಂಗಭದ್ರೆ. ಗುಡಿಗೆ ಟಿಕೆಟ್ ಇಲ್ಲ. ಇಲ್ಲವೇ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ: ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಂಡದ ನಡುವೆ ಮಂಟಪ. ಎರಡೂ ಅರ್ಧ ದಿನದ ಮಾತು, ಬುತ್ತಿ ಕಟ್ಟಿಕೊಂಡರೆ ಮಧ್ಯಾಹ್ನದ ಊಟವೂ ಅಲ್ಲೇ.

ಬುತ್ತಿಯ ಮಾತು ಬಂತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಮೊದಲ ದಿನದ ಮಧ್ಯಾಹ್ನ ದಾಟಿಸುತ್ತವೆ. ಮಂಡಕ್ಕಿಯನ್ನು ಭಟ್ಟಿಯಿಂದ ಒಣಗಿದ್ದನ್ನೇ ತಂದು, ಒಗ್ಗರಣೆ ಕೊಟ್ಟ ಪುಟಾಣಿ, ಶೇಂಗಾ, ಕರಿಬೇವು ಬೇರೆ ಡಬ್ಬಿಯಲ್ಲಿ ಒಯ್ಯಿರಿ. ತಿನ್ನುವಾಗ ಬೆರೆಸಿದರೆ ಗರಿಗರಿ. ಮನೆಯಲ್ಲೇ ಕಲಸಿ ತಂದರೆ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿ ಯಾರೂ ಮುಟ್ಟುವುದಿಲ್ಲ, ಆಮೇಲೆ ಹೋಟೆಲ್ ಖರ್ಚು. ಊರೊಳಗೆ ಇಂದಿರಾ ಕ್ಯಾಂಟೀನ್ ಕಂಡರೆ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ಬೇಗ ಹೋಗಬೇಕು, ತಡವಾದರೆ ಮುಗಿದಿರುತ್ತದೆ.

ಕಡೆಯದಾಗಿ ವಾಪಸು ಬರುವ ದಿನ. ಭಾನುವಾರ ಸಂಜೆ ಐದರ ನಂತರ ಹೊಸಪೇಟೆಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಸರ್ಕಾರಿ ಬಸ್ಸಿನ ಬಾಗಿಲಲ್ಲೇ ಜನ ಜೋತುಬೀಳುತ್ತಾರೆ. ಸುಸ್ತಾದ ಮಕ್ಕಳು, ಕಾಲು ನೋಯುವ ಅಜ್ಜಿಯನ್ನು ಕಟ್ಟಿಕೊಂಡು ಆ ನೂಕುನುಗ್ಗಲಲ್ಲಿ ನಿಲ್ಲಲಾಗದೆ ಪ್ರೈವೇಟ್ ಬಸ್ಸೋ ಬಾಡಿಗೆ ಕಾರೋ ಹತ್ತಿದರೆ ಎರಡು ದಿನ ಉಳಿಸಿದ್ದು ಒಂದೇ ಏಟಿಗೆ ಹೋಗುತ್ತದೆ. ಮಧ್ಯಾಹ್ನ ಎರಡರ ಒಳಗೆ ಬಸ್ ಸ್ಟ್ಯಾಂಡಿನಲ್ಲಿರಿ. ರಜೆ ಹೊಂದಿಸಬಹುದಾದವರು ಭಾನುವಾರ ಹೊರಟು ಸೋಮವಾರ ಬನ್ನಿ. ರೂಮೂ ಸಲೀಸು, ಸೀಟೂ ಸಲೀಸು.